ದಿಲ್ಲಿಯ ಜನಜಂಗುಳಿಯಲ್ಲಿ ಉಮ್ಮ ಕಾಣದಾದ ಮುಕ್ಕಾಲು ಗಂಟೆ

ದಿಲ್ಲಿಯ ಜಾಮಾ ಮಸೀದಿಗೆ ಮೂರು ಬಾಗಿಲು. ಹೊಸಬರಿಗೆ ಮೂರೂ ಒಂದೇ ಥರ ಕಾಣುತ್ತವೆ. ಎರಡು ವರ್ಷದ ಹಿಂದೆ ಅಜ್ಮೀರ್ ಝಿಯಾರತ್‌ಗೆ ಹೊರಟವರು ದಾರಿಯಲ್ಲಿ ದಿಲ್ಲಿಯಲ್ಲಿ ಇಳಿದಿದ್ದೆವು. ಅಸರ್ ಮುಗಿಸಿ ಒಂದನೇ ಗೇಟಿನಿಂದ ಮಟಿಯಾ ಮಹಲ್ ಬೀದಿಗೆ ಇಳಿದು ನೋಡಿದರೆ ಉಮ್ಮ ಇಲ್ಲ! ಅವರ ಕೈಯಲ್ಲಿ ಮೊಬೈಲ್ ಇಲ್ಲ, ಹಿಂದಿ ಬಾರದು, ಲಾಡ್ಜಿನ ಹೆಸರೂ ಗೊತ್ತಿಲ್ಲ.

ಮುಕ್ಕಾಲು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಮಸೀದಿ ಅಂಗಳದ ಹೌಝ್ ಬಳಿ. "ಯಾರೋ ಒಬ್ಬ ಬಾ ಬಾ ಅಂತ ಕರೆದ, ನಾನು ಹೋಗಲಿಲ್ಲ. ವುಝೂ ಮಾಡಿದ ಜಾಗಕ್ಕೆ ನೀವು ಬಂದೇ ಬರ್ತೀರಿ ಅಂತ ಕೂತೆ" ಅಂದರು. ಬುದ್ಧಿ ಇದ್ದದ್ದು ಉಮ್ಮನಿಗೆ, ನಮಗಲ್ಲ.

ರಜೆಯಲ್ಲಿ ದಿಲ್ಲಿ, ಆಗ್ರಾ, ಅಜ್ಮೀರ್ ಕಡೆ ಹೊರಡುವ ಮನೆಯವರು ಕೆಲವು ವಿಷಯ ಮೊದಲೇ ಮಾಡಿಕೊಳ್ಳಬೇಕು. ಹಿರಿಯರ ಮತ್ತು ಮಕ್ಕಳ ಜೇಬಿನಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಲಾಡ್ಜಿನ ಹೆಸರು, ವಿಳಾಸ, ಇಬ್ಬರ ಫೋನ್ ನಂಬರ್ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆದಿರಲಿ. ಎಲ್ಲಿಗೆ ಹೋದರೂ "ತಪ್ಪಿಸಿಕೊಂಡರೆ ಇಲ್ಲಿಗೇ ಬರುವುದು" ಎಂದು ಜಾಗ ತೋರಿಸಿಯೇ ಒಳಗೆ ಹೋಗಿ.

ಚಿನ್ನ ಮನೆಯಲ್ಲೇ ಇರಲಿ ಮಾರಾಯ್ರೆ, ಮದುವೆಗೆ ಹೋಗುವುದಲ್ಲವಲ್ಲ. ಹಣವನ್ನು ಎರಡು ಮೂರು ಜನ ಹಂಚಿಕೊಳ್ಳಿ. ಚಾಂದನಿ ಚೌಕದ ಸಂದಣಿಯಲ್ಲಿ, ಮೆಟ್ರೋ ಹತ್ತುವಾಗ ಬ್ಯಾಗ್ ಬೆನ್ನಿಗಲ್ಲ, ಎದೆಗೆ. ಯಾರಾದರೂ ಬೇಕೆಂದೇ ತಳ್ಳಿದರೆ ಮೊದಲು ಜೇಬು ಮುಟ್ಟಿ ನೋಡಿ.

ಇನ್ನು ಸಿಹಿಮಾತಿನವರು. ನ್ಯೂಡೆಲ್ಲಿ ಸ್ಟೇಷನ್ ಹೊರಗೆ "ನಿಮ್ಮ ರೈಲು ಕ್ಯಾನ್ಸಲ್, ಟೂರಿಸ್ಟ್ ಆಫೀಸಿಗೆ ಬನ್ನಿ" ಎನ್ನುವವರು ಹಳೆಯ ಕಸುಬಿನವರು. ಅವರ ಹಿಂದೆ ಹೋದರೆ ದುಬಾರಿ ಟ್ಯಾಕ್ಸಿ, ಟೂರ್ ಕೊರಳಿಗೆ ಬೀಳುತ್ತದೆ. ರೈಲಿನ ವಿಷಯ 139ಕ್ಕೆ ಫೋನ್ ಮಾಡಿ ಕೇಳಿ. "ಆ ಲಾಡ್ಜ್ ಮುಚ್ಚಿದೆ, ಬೇರೆ ತೋರಿಸ್ತೇನೆ" ಎನ್ನುವ ಆಟೊದವನ ಕಣ್ಣು ಕಮಿಷನ್ ಮೇಲೆ. ಲಾಡ್ಜಿಗೆ ನೀವೇ ಫೋನ್ ಮಾಡಿ. "ಇವತ್ತು ಬಂದ್" ಎಂಬ ಮಾತಿಗೂ ಲೆಕ್ಕ ಉಂಟು: ಕೆಂಪುಕೋಟೆಗೆ ಸೋಮವಾರ ರಜೆ, ತಾಜ್‌ಮಹಲ್ ಪ್ರವಾಸಿಗರಿಗೆ ಶುಕ್ರವಾರ ಇಲ್ಲ.

ಏನಾದರೂ ಆದರೆ ನಾಚಿಕೆ ಬೇಡ. ಪೊಲೀಸರಿಗೆ 112. ಮೊಬೈಲ್ ಹೋದರೆ ಕೂಡಲೇ ಸಿಮ್ ಮತ್ತು ಬ್ಯಾಂಕ್ ಖಾತೆಯ ಯುಪಿಐ ಬಂದ್ ಮಾಡಿಸಿ, ಠಾಣೆಯಲ್ಲಿ ದೂರು ಕೊಟ್ಟು 'ಸಂಚಾರ್ ಸಾಥಿ'ಯಲ್ಲಿ ಫೋನನ್ನೇ ಬ್ಲಾಕ್ ಮಾಡಬಹುದು. ಆನ್‌ಲೈನ್‌ನಲ್ಲಿ ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಆ ದಿನದ ನಂತರ ನಮ್ಮ ಮನೆಯಲ್ಲಿ ಒಂದು ಕ್ರಮ ಬಂದಿದೆ. ದೂರದ ಊರಿಗೆ ಬ್ಯಾಗ್ ಕಟ್ಟುವಾಗ ಉಮ್ಮನೇ ಮೊದಲು ಕೇಳುತ್ತಾರೆ: "ನನ್ನ ಚೀಟಿ ಎಲ್ಲಿ?"