ರಾತ್ರಿಯೇ ಸಿದ್ಧವಾಗುವ ಬೆಳಗಿನ ಉಪಾಹಾರ

ಮಂಡ್ಯ, ಮದ್ದೂರು, ಮಳವಳ್ಳಿ ಪ್ರಾಂತದ ಸಂಸಾರಗಳಲ್ಲಿ ಹೊತ್ತು ಮೂಡುವುದಕ್ಕೆ ಮುಂಚೆಯೇ ಗಡಿಬಿಡಿ ಆರಂಭವಾಗುತ್ತದೆ. ಬೆಂಗಳೂರಿನ ರೈಲನ್ನು ಹಿಡಿಯತಕ್ಕ ನೌಕರರು, ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸಿಗೆ ಓಡತಕ್ಕ ಹೆಣ್ಣುಮಕ್ಕಳು, ಶಾಲೆಯ ಮಕ್ಕಳು, ಡೈರಿಗೆ ಹಾಲು ಹಾಕಿ ಬರುವ ಹಿರಿಯರು, ಇವರೆಲ್ಲರಿಗೂ ಒಂದೇ ವೇಳೆಗೆ ತಿಂಡಿ ಒದಗಬೇಕು. ರೇಷ್ಮೆ ಸಾಕುವ ಮನೆಗಳ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಹುಳುವು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ೮೦ ಪಾಲಿಗೂ ಹೆಚ್ಚನ್ನು ನಾಲ್ಕನೆಯ ಜ್ವರದಿಂದ ಎದ್ದ ಮೇಲಿನ ಕೆಲವೇ ದಿನಗಳಲ್ಲಿ ತಿಂದುಬಿಡುತ್ತದೆ. ಹುಳುವಿಗೆ ವೇಳೆ ತಪ್ಪದೆ ಉಣಿಸುವ ಗೃಹಿಣಿಯು ತಾನು ಮಾತ್ರ ಹತ್ತು ಗಂಟೆಯವರೆಗೂ ಒಂದು ಲೋಟ ಕಾಫಿಯಲ್ಲಿಯೇ ಕಾಲ ತಳ್ಳುವುದುಂಟು. ಈ ಲೇಖನವನ್ನು ಬರೆಯಿಸಿದ್ದು ಆ ಬರಿ ಹೊಟ್ಟೆಯೇ.

ಇಂಥವರಿಗೆ ಅಂಗಡಿಗಳು ಬಣ್ಣದ ಡಬ್ಬಗಳನ್ನು ತೋರಿಸುತ್ತಿವೆ. ಆದರೆ ಮುಂಚಿತವಾಗಿ ಮಾಡಿಟ್ಟುಕೊಳ್ಳುವ ಉಪಾಹಾರವು ಈ ಸೀಮೆಗೆ ಹೊಸದೇನೂ ಅಲ್ಲ. ೧೯೩೦ರ ದಶಕದಲ್ಲಿ ನಾಲೆಯ ನೀರು ಹರಿದು ಬತ್ತ ಕಬ್ಬುಗಳು ಹಬ್ಬುವುದಕ್ಕೆ ಮೊದಲು ಇಲ್ಲಿನ ಜನರ ಜೀವಾಳವು ರಾಗಿಯಾಗಿತ್ತು. ಕತ್ತಲಿನಲ್ಲಿಯೇ ಹೊಲಕ್ಕೆ ಹೊರಡುವವರು ಒಲೆ ಹಚ್ಚುವವರೆಗೆ ಕಾಯುತ್ತಿರಲಿಲ್ಲ. ಅವರು ಕಂಡುಕೊಂಡ ಉಪಾಯಗಳಲ್ಲಿ, ನನ್ನ ಮತದಂತೆ, ಹುರಿಹಿಟ್ಟು ಅತ್ಯುತ್ತಮವಾದದ್ದು.

೧ ಕಿಲೋ ರಾಗಿಯನ್ನು ಕಲ್ಲು ಮಣ್ಣುಗಳಿಲ್ಲದಂತೆ ಹಸನುಮಾಡಿ, ಒಂದು ಸಣ್ಣ ಲೋಟದಷ್ಟು ನೀರುಮಜ್ಜಿಗೆಯನ್ನು ಚಿಮುಕಿಸಿ, ಕೈಯಿಂದ ಚೆನ್ನಾಗಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯೆಲ್ಲ ಇಡತಕ್ಕದ್ದು. ಕಾಳಿನೊಳಗಿನ ತೇವವೇ ಅರಳಿಗೆ ಮೂಲ. ಬಿಸಿ ತಗುಲಿದೊಡನೆ ಆ ತೇವವು ಆವಿಯಾಗಿ ಹೊರಕ್ಕೆ ನುಗ್ಗುವಾಗ ಕಾಳು ಸಿಡಿದು ಬೆಳ್ಳಗೆ ಅರಳುತ್ತದೆ. ತೇವ ಸಾಲದಿದ್ದರೆ ರಾಗಿ ಸೀಯುವುದೇ ಹೊರತು ಅರಳುವುದಿಲ್ಲ. ಮರುದಿನ ದಪ್ಪನೆಯ ಕಬ್ಬಿಣದ ಬಾಣಲೆಯನ್ನು, ನೀರಿನ ಹನಿ ಬಿದ್ದರೆ ಚುರ್ರೆಂದು ಹಾರಿಹೋಗುವಷ್ಟು ಕಾಯಿಸಿ, ಒಂದೊಂದೇ ಹಿಡಿ ರಾಗಿಯನ್ನು ಹಾಕಿ, ಬಟ್ಟೆಯ ಉಂಡೆಯಿಂದ ಬಿಡದೆ ಆಡಿಸಬೇಕು. ಚಟಪಟ ಸದ್ದು ಅಡಗಿದೊಡನೆ ಮೊರಕ್ಕೆ ಸುರಿಯಬೇಕು. ಬೇಗ ಮುಗಿಯಲೆಂದು ಎರಡು ಮೂರು ಹಿಡಿ ಒಟ್ಟಿಗೆ ಹಾಕುವವರ ರಾಗಿ ಅರ್ಧ ಅರಳಿ ಅರ್ಧ ಹಾಗೆಯೇ ಉಳಿಯುತ್ತದೆ. ಆರಿದ ಮೇಲೆ ೧೦೦ ಗ್ರಾಂ ಹುರಿಗಡಲೆಯನ್ನೂ ನಾಲ್ಕೈದು ಏಲಕ್ಕಿಯನ್ನೂ ಸೇರಿಸಿ ಗಿರಣಿಗೆ ಕಳುಹಿಸುವುದು. ಗಿರಣಿಯವನಿಗೆ ಒಂದು ಮಾತು ಹೇಳಿರಬೇಕು: ಮೆಣಸಿನಕಾಯಿ ಬೀಸಿದ ಬೆನ್ನಿಗೇ ಇದನ್ನು ಸುರಿಯಕೂಡದು.

ಹಿಟ್ಟು ಆಗಲೇ ಹುರಿದು ಪಕ್ವವಾಗಿರುವುದರಿಂದ ಬೆಳಗ್ಗೆ ಬೇಯಿಸಬೇಕಾದುದಿಲ್ಲ. ಮೂರು ನಾಲ್ಕು ಚಮಚ ಹಿಟ್ಟಿಗೆ ಆಲೆಮನೆಯ ಬೆಲ್ಲವನ್ನು ಪುಡಿಮಾಡಿ ಹಾಕಿ, ಬಿಸಿ ಹಾಲನ್ನೆರೆದು ಕಲಸಿದರಾಯಿತು. ತೆಂಗಿನಕಾಯಿಯ ತುರಿ ಬಿದ್ದರೆ ಮಕ್ಕಳಿಗೆ ಇನ್ನೂ ಇಷ್ಟ. ತುಪ್ಪ ಬೆರೆಸಿ ಉಂಡೆ ಕಟ್ಟಿಕೊಟ್ಟರೆ ರೈಲಿನಲ್ಲಿಯೂ ತಿನ್ನಬಹುದು. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ, ಎಂದರೆ ಸುಣ್ಣದ ಅಂಶ, ಇರುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ. ಸಿ. ಫಾರಂನಲ್ಲಿಯೇ. ಅಂಥ ಊರಿನಲ್ಲಿ ಮಕ್ಕಳಿಗೆ ರಾಗಿ ಬೇಡವಾಗುವುದೆಂದರೆ ಸ್ವಲ್ಪ ನಾಚಿಕೆಯ ಸಂಗತಿಯೇ ಸರಿ.

ಸಿಹಿ ಒಗ್ಗದವರಿಗೆ ಅಂಬಲಿಯಿದೆ. ರಾಗಿಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕದಡಿ, ರಾತ್ರಿಯೇ ಕಾಯಿಸಿಟ್ಟು, ಬೆಳಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿ ಕುಡಿಯುವುದು. ರಾತ್ರಿಯ ಮುದ್ದೆ ಉಳಿದಿದ್ದರೆ ಅದನ್ನೇ ಮಜ್ಜಿಗೆಯಲ್ಲಿ ಕಿವುಚಿಕೊಳ್ಳುವ ವಾಡಿಕೆಯೂ ಉಂಟು. ಉಳಿದ ಅನ್ನದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬೆಚ್ಚಗಿನ ಅಡಿಗೆಮನೆಯಲ್ಲಿ ರಾತ್ರಿಯೆಲ್ಲ ಬಿಟ್ಟ ಅನ್ನದಲ್ಲಿ ಕ್ರಿಮಿಗಳು ಬೆಳೆದು ವಿಷವನ್ನುಂಟುಮಾಡಬಹುದು. ಆ ವಿಷವು ಒಗ್ಗರಣೆಯ ಬಿಸಿಗೆ ನಾಶವಾಗತಕ್ಕದ್ದಲ್ಲ. ಬೆಳಗಿನ ಚಿತ್ರಾನ್ನಕ್ಕೆಂದು ಉಳಿಸುವ ಅನ್ನವನ್ನು ಬೇಗನೆ ಆರಿಸಿ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.

ಮದ್ದೂರಿನ ವಡೆಯನ್ನು ಮರೆತಿರೇಕೆಂದು ಆ ಊರಿನ ಸೋದರಿಯರು ಕೇಳಿಯಾರು. ೧೯೧೭ರಲ್ಲಿ ರಾಮಚಂದ್ರ ಬುಧ್ಯರು ರೈಲು ನಿಲ್ದಾಣದಲ್ಲಿ, ಗಾಡಿ ಬರುವುದರೊಳಗೆ ಸಿದ್ಧವಾಗಲೆಂದು, ರವೆ ಹಿಟ್ಟುಗಳಿಗೆ ಈರುಳ್ಳಿ ಕಲಸಿ ತಟ್ಟಿ ಕರಿದರೆಂದು ಪ್ರತೀತಿ. ಆತುರದವರಿಗಾಗಿಯೇ ಹುಟ್ಟಿದ ತಿನಿಸು. ಮಾರನೆಯ ದಿನಕ್ಕೂ ರುಚಿ ಕೆಡದು. ಆದರೂ ಕರಿದ ತಿಂಡಿ ನಿತ್ಯದ ಉಪಾಹಾರವಾಗಬಾರದು. ಅದು ಪ್ರಯಾಣದ ದಿನಕ್ಕಿರಲಿ.

ಮನೆಯ ಗಂಡಸರಲ್ಲಿಯೂ ಒಂದು ಬಿನ್ನಹ. ರಾಗಿ ಹುರಿಯುವುದು ಒಬ್ಬರ ಕೈಯ ಕೆಲಸವಲ್ಲ. ಭಾನುವಾರ ಒಬ್ಬರು ಹಾಕಿ ಆಡಿಸಿದರೆ, ಇನ್ನೊಬ್ಬರು ಕೇರಿ, ಮತ್ತೊಬ್ಬರು ಗಿರಣಿಗೆ ಹೋಗಿಬರಬಹುದು. ತಿಂಗಳಿಗಾಗುವ ಹಿಟ್ಟಿಗೆ ಒಂದು ಹೊತ್ತಿನ ಶ್ರಮ. ಆಮೇಲೆ ಡಬ್ಬವನ್ನು ಮಕ್ಕಳ ಕೈಗೂ ಎಟಕುವಂತೆ ಇಡಿರಿ. ಅವರವರು ಅವರವರದನ್ನು ಕಲಸಿಕೊಳ್ಳುವಷ್ಟರಲ್ಲಿ ತಾಯಿಯೂ ತನ್ನ ಬಟ್ಟಲನ್ನು ಹಿಡಿದು ಐದು ನಿಮಿಷ ಕುಳಿತಿರಬಹುದು. ತೇವದ ಚಮಚವನ್ನು ಮಾತ್ರ ಡಬ್ಬದೊಳಕ್ಕೆ ಹಾಕಬಾರದು. ಹಾಕಿದರೆ ತಿಂಗಳು ಬರಬೇಕಾದ ಹಿಟ್ಟು ವಾರದಲ್ಲಿಯೇ ಮುಗ್ಗಲು ಹಿಡಿಯುತ್ತದೆ.