‘ಊದ್ರಿ’ ಅನ್ನುವ ಮೊದಲು

ಕಬ್ಬಿನ ಹಂಗಾಮಿನಲ್ಲಿ ಕಲಬುರಗಿಯಿಂದ ಅಫಜಲಪುರದ ಕಡೆಗೆ ಸಂಜೆ ಹೊರಟವರಿಗೆ ಈ ನೋಟ ಹೊಸದಲ್ಲ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್. ಹಿಂದಿನ ಟ್ರೇಲರ್‌ಗೆ ದೀಪವಿಲ್ಲ, ಹೊರಚಾಚಿದ ಕಬ್ಬಿನ ಸುಳಿ ಮಾತ್ರ ಕತ್ತಲಲ್ಲಿ ಅಲುಗಾಡುತ್ತದೆ. ಎದುರಿಗೆ ಒಂಟಿ ಹೆಡ್‌ಲೈಟು. ಅದು ಬೈಕೋ, ಒಂದು ಕಣ್ಣು ಹೋದ ಜೀಪೋ ಎಂದು ಯೋಚಿಸುವಷ್ಟರಲ್ಲಿ ಪಕ್ಕದಲ್ಲೇ ಹಾದುಹೋಗುತ್ತದೆ: ಬೈಕು, ಮೇಲೆ ಮೂವರು ಹುಡುಗರು, ತಲೆಗೆ ಹೆಲ್ಮೆಟ್ ಇಲ್ಲ.

60 ಕಿ.ಮೀ. ವೇಗದಲ್ಲಿರುವ ಬೈಕು ಅರ್ಧ ಸೆಕೆಂಡಿನಲ್ಲಿ 8 ಮೀಟರ್ ಮುಂದೆ ಹೋಗಿರುತ್ತದೆ. ಒಂದು ಟ್ರೇಲರ್‌ನ ಉದ್ದಕ್ಕಿಂತ ಹೆಚ್ಚು. ಹೆಂಡ ಮೊದಲು ಕಸಿದುಕೊಳ್ಳುವುದು ಆ ಅರ್ಧ ಸೆಕೆಂಡನ್ನೇ. ಕಾಲು ತೂರಾಡುವುದು, ನಾಲಿಗೆ ತೊದಲುವುದು ಆಮೇಲಿನ ಮಾತು. ‘ನನಗೇನೂ ಆಗಿಲ್ಲ’ ಎಂದು ಕೀಲಿ ತಿರುಗಿಸುವವನು ಸುಳ್ಳು ಹೇಳುತ್ತಿರುವುದಿಲ್ಲ. ಅವನಿಗೆ ನಿಜಕ್ಕೂ ಹಾಗೇ ಅನಿಸಿರುತ್ತದೆ.

ಈ ಮಾತನ್ನು ಹುಡುಗರಿಗೆ ಕಲಿಸಬೇಕು ಎಂಬ ತಿಳಿವು ಒಮ್ಮೆಲೇ ಬಂದದ್ದಲ್ಲ. ಮೊದಲು ಕಾನೂನು ಬಂತು, ಆಮೇಲೆ ಅಳತೆ, ಆಮೇಲೆ ದಂಡ. ಪಾಠ ಬಂದದ್ದು ಎಲ್ಲಕ್ಕಿಂತ ತಡವಾಗಿ.

ಮೂಗಿನಿಂದ ಮೂವತ್ತಕ್ಕೆ

ಕುಡಿದು ಗಾಡಿ ಓಡಿಸುವುದು 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಅಪರಾಧವಾಗಿತ್ತು. ಅಳತೆಗೋಲು ಮಾತ್ರ ಇರಲಿಲ್ಲ. ಹಿಡಿತ ತಪ್ಪುವಷ್ಟು ಕುಡಿದಿದ್ದಾನೆಯೇ ಎಂಬುದನ್ನು ಪೊಲೀಸರ ಕಣ್ಣು, ಡಾಕ್ಟರ ಮೂಗು ಹೇಳಬೇಕಿತ್ತು. ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆ ಇವಿಷ್ಟನ್ನೇ ನಂಬಿ ಶಿಕ್ಷೆ ಕೊಡಲಾಗದು ಎಂದು 1971ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅಳತೆಯ ವಿದ್ಯೆ ಅಷ್ಟರಲ್ಲಾಗಲೇ ಬೇರೆ ಕಡೆ ಬೆಳೆದಿತ್ತು. ಕುಡಿದದ್ದು ರಕ್ತದಲ್ಲಿ ಎಷ್ಟು ಸೇರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬ ಲೆಕ್ಕವನ್ನು ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಕಟ್ಟಿಕೊಟ್ಟಿದ್ದರು. ಉಸಿರಿನಿಂದಲೇ ಅದನ್ನು ಅಳೆಯುವ ಯಂತ್ರವನ್ನು 1954ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕನ್‌ಸ್ಟೈನ್ ರೂಪಿಸಿದರು. ನಮ್ಮ 1988ರ ಕಾಯ್ದೆಯ 185ನೇ ಕಲಮಿಗೆ ಈಗಿನ ಮಿತಿ ಬಂದದ್ದು 1994ರ ತಿದ್ದುಪಡಿಯಲ್ಲಿ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಜೇವರ್ಗಿ ಕ್ರಾಸಿನಲ್ಲಿ ಪೊಲೀಸರು ‘ಊದ್ರಿ’ ಎಂದು ಕೊಳವೆ ಮುಂದೆ ಹಿಡಿದಾಗ ಯಂತ್ರ ಹುಡುಕುವುದು ಈ ಮೂವತ್ತನ್ನೇ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ.

2019ರ ಅದೇ ತಿದ್ದುಪಡಿ ಮನೆಯ ಹಿರಿಯರನ್ನೂ ಕಟಕಟೆಗೆ ತಂದಿತು. 18 ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ಮೆಟ್ರಿಕ್ ಪಾಸಾದ, ಬೈಕ್ ಕೊಡಿಸೀನಿ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಎಷ್ಟು ಅಪ್ಪಂದಿರಿಗೆ ಇದು ಗೊತ್ತಿದೆ?

ಜೋಳಿಗೆ ಹಿಡಿದವರು

ಕಾನೂನಿಗಿಂತ ಹಳೆಯ ದಾರಿಯೊಂದು ನಮ್ಮ ಭಾಗದಲ್ಲಿದೆ. ಹೆಂಡ ಮಾರುತ್ತಲೇ ಕುಡುಕರಿಗೆ ಬುದ್ಧಿ ಹೇಳಿದ ಹೆಂಡದ ಮಾರಯ್ಯ 12ನೇ ಶತಮಾನದ ಶರಣ. ನಮ್ಮ ಕಾಲದಲ್ಲಿ ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋದರು. ಕೇಳಿದ್ದು ಕಾಳಲ್ಲ, ಕಾಸಲ್ಲ. ‘ನಿಮ್ಮ ಚಟ ಈ ಜೋಳಿಗೆಗೆ ಹಾಕ್ರಿ’ ಎಂದರು. ‘ಮಹಾಂತ ಜೋಳಿಗೆ’ ಎಂದೇ ಅದು ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಇತ್ತ ಧರ್ಮಸ್ಥಳದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳ ಜೊತೆಗೆ ‘ಸ್ವಾಸ್ಥ್ಯ ಸಂಕಲ್ಪ’ದ ಹೆಸರಿನಲ್ಲಿ ಶಾಲೆಗಳಿಗೂ ಹೋಗುತ್ತಿದೆ.

2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲ. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ 90 ಎಂ.ಎಲ್. ಪೌಚು ಬಂತು. ಹಳ್ಳಿಯ ಕಿರಾಣಿ ಅಂಗಡಿಗಳಲ್ಲೂ ಅಕ್ರಮವಾಗಿ ಹೆಂಡ ಸಿಗುತ್ತದೆ ಎಂದು ರೊಚ್ಚಿಗೆದ್ದ ರಾಯಚೂರು ಸೀಮೆಯ ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು.

ರಸ್ತೆಯ ಮಾತನ್ನು ಕೋರ್ಟಿಗೆ ಒಯ್ದವರಲ್ಲಿ ಇಬ್ಬರನ್ನು ನೆನೆಯಬೇಕು. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಚಂಡೀಗಡದ ಹರ್ಮನ್ ಸಿಂಗ್ ಸಿಧು ಹೆದ್ದಾರಿ ಬದಿಯ ಹೆಂಡದಂಗಡಿಗಳ ವಿರುದ್ಧ ಹೋರಾಡಿದರು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ 500 ಮೀಟರ್ ಗಡಿ ಹಾಕಿತು. ಮರುವರ್ಷವೇ ಪಟ್ಟಣದ ಮಿತಿಯೊಳಗಿನ ಅಂಗಡಿಗಳಿಗೆ ಆ ಗಡಿ ಸಡಿಲವಾಯಿತು. ಇನ್ನೊಬ್ಬರು ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್. ಮುರಿದ ಮೂಳೆ ಕೂಡಿಸುತ್ತಲೇ ಅವರು ಹೂಡಿದ ದಾವೆಯಲ್ಲಿ 2017ರ ನವೆಂಬರ್ 30ರಂದು ಬಂದ ಆದೇಶ, ರಸ್ತೆ ಸುರಕ್ಷತೆ ಶಾಲೆಯ ಪಠ್ಯದಲ್ಲಿರಬೇಕು ಎಂದಿತು.

ಪ್ರತಿಜ್ಞೆ ಮತ್ತು ಲೆಕ್ಕ

ಹಾಗಾದರೆ ಪಾಠ ಹೇಗೆ ನಡೆಯುತ್ತಿದೆ? ಜನವರಿಯಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಜಾಥಾ ಹೊರಡುತ್ತದೆ. ವೇದಿಕೆ, ಬ್ಯಾನರ್, ಹಾರ, ಶಾಲು. ನುಜ್ಜುಗುಜ್ಜಾದ ಬೈಕಿನ ಚಿತ್ರ. ಕೊನೆಗೆ ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ. ಹಿಂದಿನ ಸಾಲಿನ ಹುಡುಗರು ಪಿಸುಗುಟ್ಟಿ ನಗುತ್ತಾರೆ. ಹೆದರಿಕೆ ಆ ಮಧ್ಯಾಹ್ನದ ಮಟ್ಟಿಗೆ ನಿಲ್ಲುತ್ತದೆ. ಶನಿವಾರ ರಾತ್ರಿಯ ಧಾಬಾದ ತನಕ ಬರುವುದಿಲ್ಲ.

ಅದರ ಬದಲು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯಬಹುದು. 90 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್. 60 ಕೆ.ಜಿ. ತೂಗುವ ಹುಡುಗನ ಮೈಯಲ್ಲಿ ಅದು ಹರಡಿಕೊಳ್ಳುವುದು ಸುಮಾರು 40 ಕೆ.ಜಿ. ಭಾಗದಲ್ಲಿ. ಭಾಗಿಸಿದರೆ 100 ಮಿ.ಲೀ. ರಕ್ತಕ್ಕೆ ಹೆಚ್ಚುಕಡಿಮೆ 75 ಮಿ.ಗ್ರಾಂ, ಕಾನೂನಿನ ಮಿತಿಯ ಎರಡೂವರೆ ಪಟ್ಟು. ಲಿವರ್ ಗಂಟೆಗೆ ಕರಗಿಸುವುದು ಸುಮಾರು 15. ಮೂವತ್ತಕ್ಕೆ ಇಳಿಯಲು ಮೂರು ಗಂಟೆ ಬೇಕು. ಕ್ವಾರ್ಟರ್ ಮುಗಿಸಿದವನಿಗೆ ಎಂಟು ಗಂಟೆ. ರಾತ್ರಿ 11ಕ್ಕೆ ಅಷ್ಟು ಕುಡಿದು ಮಲಗಿ ಬೆಳಿಗ್ಗೆ 6ಕ್ಕೆ ಗಾಡಿ ಹತ್ತಿದವನು ಇನ್ನೂ ಮಿತಿಯ ಮೇಲೇ ಇರುತ್ತಾನೆ. ನಿಂಬೆಹಣ್ಣು, ಮಜ್ಜಿಗೆ, ಕಡಕ್ ಚಹಾ, ತಣ್ಣೀರ ಸ್ನಾನ ಯಾವುದೂ ಲಿವರಿಗೆ ಅವಸರ ಮಾಡಿಸಲಾರದು. ಹತ್ತನೇ ತರಗತಿಯ ಹುಡುಗನೂ ಬಿಡಿಸಬಲ್ಲ ಲೆಕ್ಕ ಇದು. ತಾನೇ ಬಿಡಿಸಿದ್ದನ್ನು ಅವನು ಬೇಗ ಮರೆಯುವುದಿಲ್ಲ.

ಸರ್ಕಾರಿ ಅಂಕಿಗಳನ್ನೂ ಹೀಗೇ ಎಚ್ಚರದಿಂದ ಓದಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಸಾವು ದ್ವಿಚಕ್ರ ಸವಾರರದು. ಕುಡಿತದ ಲೆಕ್ಕಕ್ಕೆ ಬಿದ್ದದ್ದು ಸುಮಾರು 4,200 ಮಾತ್ರ. ಸಮಾಧಾನಪಡುವ ಹಾಗಿಲ್ಲ. ಪೊಲೀಸ್ ದಾಖಲೆಯಲ್ಲಿ ‘ಅತಿ ವೇಗ’ ಎಂಬ ಖಾನೆ ಬಹಳ ದೊಡ್ಡದು, ಆ ವೇಗದ ಹಿಂದೆ ಏನಿತ್ತು ಎಂದು ಎಲ್ಲರ ರಕ್ತವನ್ನೂ ಪರೀಕ್ಷಿಸಿರುವುದಿಲ್ಲ. ಗಾಯಾಳುಗಳ ಲೆಕ್ಕವನ್ನು ಆಸ್ಪತ್ರೆಗಳಲ್ಲೇ ಹಿಡಿಯಬೇಕು ಎಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ವರ್ಷಗಟ್ಟಲೆ ದುಡಿದದ್ದು ಇದೇ ಕಾರಣಕ್ಕೆ.

ಮಾಮಾಗೊಂದು ಫೋನು

1981ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೇಲ್ಯಾಂಡ್ ಊರಿನಲ್ಲಿ ಒಂದೇ ಶಾಲೆಯ ಇಬ್ಬರು ವಿದ್ಯಾರ್ಥಿಗಳು ರಸ್ತೆಯಲ್ಲಿ ಸತ್ತರು. ಅಲ್ಲಿನ ಶಿಕ್ಷಕ ರಾಬರ್ಟ್ ಅನಸ್ಟಾಸ್ ಭಾಷಣ ಬಿಟ್ಟು ಒಂದು ಕರಾರುಪತ್ರ ಬರೆದರು. ‘ಯಾವ ಹೊತ್ತಾದರೂ ಫೋನ್ ಮಾಡುತ್ತೇನೆ’ ಎಂದು ಮಕ್ಕಳ ಸಹಿ. ‘ಬಂದು ಕರೆತರುತ್ತೇವೆ, ಅಲ್ಲಿ ಜಗಳ ತೆಗೆಯುವುದಿಲ್ಲ’ ಎಂದು ಹೆತ್ತವರ ಸಹಿ. ‘ಸ್ಯಾಡ್’ ಎಂಬ ವಿದ್ಯಾರ್ಥಿ ಸಂಘಟನೆ ಹುಟ್ಟಿದ್ದು ಹೀಗೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿಗೆ ಆ ಕಾಗದವನ್ನು ಹಾಗೇ ತಂದರೆ ನಡೆಯದು. ಕುಡಿದಿದ್ದೇನೆ ಎಂದು ಅಪ್ಪನಿಗೆ ಫೋನ್ ಮಾಡುವ ಮಗ ನಮ್ಮಲ್ಲಿಲ್ಲ. ಕಡೇ ಬಸ್ಸು ಹೋದ ಮೇಲೆ ಆಟೊ ಸಿಗುವುದಿಲ್ಲ. ಘತ್ತರಗಿ ಭಾಗ್ಯವಂತಿಯ ಅಮಾವಾಸ್ಯೆ, ಗಾಣಗಾಪುರದ ಹುಣ್ಣಿಮೆ, ಮದುವೆಯ ಮೆರವಣಿಗೆ ಎಲ್ಲಿಂದಲೂ ಊರಿಗೆ ಮರಳಲು ಇರುವುದು ಬೈಕೊಂದೇ. ಆದರೆ ನಮ್ಮಲ್ಲಿ ಮಾಮಾ ಇದ್ದಾನೆ, ಕಾಕಾ ಇದ್ದಾನೆ, ದೊಡ್ಡಪ್ಪನ ಮಗ ಇದ್ದಾನೆ. ಬೈಯುತ್ತಲಾದರೂ ಬರುವವರು ಅವರು. ‘ಮಾಮಾ, ನಾ ಇಲ್ಲೇ ಧಾಬಾದಾಗ ಅದೀನಿ. ಗಾಡಿ ಹೊಡಿಲಾಕ ಆಗಲ್ಲ. ಬಂದು ಕರ್ಕೊಂಡು ಹೋಗು, ಅಪ್ಪಗ ಹೇಳಬ್ಯಾಡ.’ ಈ ನಾಲ್ಕು ಮಾತನ್ನು ತರಗತಿಯಲ್ಲಿ ಬಾಯಿಬಿಟ್ಟು ಆಡಿಸಿದರೆ ಅದು ಹತ್ತು ಪ್ರತಿಜ್ಞೆಗೆ ಸಮ. ಹಿಂದೆ ಕೂರುವವನಿಗೂ ಒಂದು ಮಾತು ಕಲಿಸಬೇಕು: ‘ಕೀಲಿ ಕೊಡು, ಇಲ್ಲಾಂದ್ರ ನಾ ಹತ್ತಲ್ಲ.’

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಮೂರೂ ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ, ಕಾನೂನು ಸೇವಾ ಸಮಿತಿಗಳಿವೆ. ಜಾಥಾದ ದಿನವೇ ಒಂದು ಗಂಟೆ ಈ ಲೆಕ್ಕಕ್ಕೂ ಈ ಮಾತಿಗೂ ಮೀಸಲಿಟ್ಟರೆ ಹೊಸ ಖರ್ಚೇನಿಲ್ಲ.

ಓದುವ ನೀವೂ ಯಾರದೋ ಮಾಮಾ, ಯಾರದೋ ಕಾಕಾ. ಇವತ್ತೇ ಅಳಿಯನಿಗೆ ಹೇಳಿಬಿಡಿ: ಯಾವ ಹೊತ್ತಿನಲ್ಲಾದರೂ ಫೋನ್ ಮಾಡು, ಬರುತ್ತೇನೆ, ಬೈಯುವುದಿದ್ದರೆ ಮುಂಜಾನೆ ಬೈಯುತ್ತೇನೆ.