ದುರಸ್ತಿ ಮುಗಿಯುವ ಮೊದಲೇ ರಿಯಾಕ್ಟರ್ ಓಡಬಹುದೇ?

ಪ್ರಶ್ನೆ: ಅಣುಸ್ಥಾವರದ ಸುರಕ್ಷತಾ ಯಂತ್ರ ಕೆಟ್ಟರೆ ತಕ್ಷಣ ಸ್ಥಾವರ ನಿಲ್ಲಿಸುವುದಿಲ್ಲವೇ?

ಉತ್ತರ: ತಕ್ಷಣವಲ್ಲ. ಅಮೆರಿಕದಲ್ಲಿ ದುರಸ್ತಿಯ ಗಡುವು ಪರವಾನಗಿಯಲ್ಲೇ ಇರುತ್ತದೆ. ತುರ್ತು ಡೀಸೆಲ್ ಜನರೇಟರಿಗೆ ಹಲವೆಡೆ 72 ಗಂಟೆ. ಮೀರಿದರೆ ನಿಲ್ಲಿಸಲೇಬೇಕು. ಆದರೆ ನಿಲ್ಲಿಸುವುದೂ ಸ್ಥಾವರಕ್ಕೊಂದು ಏರುಪೇರೇ. ಹಾಗಾಗಿ, ಅಪಾಯ ಹೆಚ್ಚದೆಂದು ಕಂಪನಿ ತೋರಿಸಿಕೊಟ್ಟರೆ ಪರಮಾಣು ನಿಯಂತ್ರಣ ಆಯೋಗ ಅಲ್ಪಾವಧಿಯ ವಿನಾಯಿತಿ ಕೊಡಬಹುದು.

ಇದು ಒಪ್ಪುವಂಥದ್ದೇ. ನನ್ನನ್ನು ಕಾಡುವುದು ಓಹಿಯೊದ ಡೇವಿಸ್-ಬೆಸ್ಸಿ ಸ್ಥಾವರ. ಅಲ್ಲಿ 2001ರ ಡಿಸೆಂಬರ್ 31ರೊಳಗೆ ಆಗಬೇಕಿದ್ದ ಬಿರುಕು ತಪಾಸಣೆಯನ್ನು ಫೆಬ್ರವರಿ 16ರವರೆಗೆ ಮುಂದೂಡಲು ಆಯೋಗ ಒಪ್ಪಿತು. ಮಾರ್ಚಿನಲ್ಲಿ ನೋಡಿದರೆ, ಸೋರಿದ ಬೋರಿಕ್ ಆಮ್ಲ ರಿಯಾಕ್ಟರ್ ಮುಚ್ಚಳದ ಆರಿಂಚಿಗೂ ಮಿಕ್ಕ ಉಕ್ಕನ್ನು ತಿಂದುಹಾಕಿತ್ತು! ಉಳಿದದ್ದು ಸುಮಾರು ಒಂದು ಸೆಂಟಿಮೀಟರಿನ ಸ್ಟೇನ್‌ಲೆಸ್ ಪದರ. ಆಯೋಗಕ್ಕೆ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. 2006ರಲ್ಲಿ ಕಂಪನಿ 2.8 ಕೋಟಿ ಡಾಲರ್ ತೆರಬೇಕಾಯಿತು.